ಅತ್ತೆಯ ಪಂಪಿಗೆ ಒಂದು ವಿಡಿಯೊ ಸಾಕಾ?

ಪುಣೆ ಭಾವ: (ವಿಡಿಯೊ ಫಾರ್ವರ್ಡ್: ಇನ್ಸುಲಿನ್ ಪಂಪ್ ಹಾಕಿಕೊಳ್ಳುವ ವಿಧಾನ)
ಅಮ್ಮಾ, ಇದನ್ನು ಎರಡು ಸಲ ನೋಡು, ಎಲ್ಲ ಇದೆ. ಮಂಗಳವಾರ ಪಂಪ್ ಕಲಿಯೋ ಕ್ಲಾಸಿಗೆ ಅಂತ ಡೊಂಬಿವಲಿಯಿಂದ ಪರೇಲ್ ಆಸ್ಪತ್ರೆ ತನಕ ಆ ಗರ್ದಿಯಲ್ಲಿ ಹೋಗೋದು ಬೇಡ. ಶನಿವಾರ ನಾನೇ ಬಂದು ಪಂಪ್ ಹಾಕಿಕೊಡ್ತೀನಿ.

ಮಾಟುಂಗಾ ದೊಡ್ಡಪ್ಪ: ಒಳ್ಳೆಯದಾಯ್ತು. ಇದಕ್ಕೆಲ್ಲ ಕ್ಲಾಸ್ ಯಾಕೆ? ನಮ್ಮ ಅಮ್ಮ ಗಾಜಿನ ಸಿರಿಂಜ್ ಕುದಿಸಿ ತಾವೇ ಚುಚ್ಚಿಕೊಳ್ಳುತ್ತಿದ್ದರು. ಯಾವ ಕ್ಲಾಸಿಗೆ ಹೋಗಿದ್ದರು?

ನಾನು: ಭಾವ, ವಿಡಿಯೊ ಪೂರ್ತಿ ನೋಡಿದೆ. ಚೆನ್ನಾಗಿದೆ. ಆದರೆ ಅತ್ತೆ ಮಂಗಳವಾರ ಬರಲೇಬೇಕು. ಆಸ್ಪತ್ರೆಯಲ್ಲಿ ಇಂಥದ್ದನ್ನು ಕಲಿಸೋದೇ ನನ್ನ ದಿನದ ಕೆಲಸ, ಅದಕ್ಕೇ ಹೇಳ್ತಿದ್ದೀನಿ. ಆ ವಿಡಿಯೊದಲ್ಲಿ ಎಲ್ಲವೂ ಸರಿಯಾಗಿ ನಡೆಯುತ್ತೆ. ತಪ್ಪಾದಾಗ ಏನು ಮಾಡಬೇಕು ಅಂತ ಒಂದು ಮಾತೂ ಇಲ್ಲ.

ಪುಣೆ ಭಾವ: ತಪ್ಪಾದರೆ ಅಲಾರ್ಮ್ ಹೊಡೆಯುತ್ತಲ್ಲ! ಅಮೆರಿಕದಲ್ಲಿ ಕೀಮೋ ಆದವರ ಮೈಗೆ ಒಂದು ಡಬ್ಬಿ ಅಂಟಿಸಿ ಮನೆಗೆ ಕಳಿಸ್ತಾರೆ. 27 ಗಂಟೆ ಬಿಟ್ಟು ಅದು ತಾನಾಗಿಯೇ ಮದ್ದು ಕೊಡುತ್ತೆ. ಅವರೆಲ್ಲ ಏನು ಕ್ಲಾಸಿಗೆ ಹೋಗ್ತಾರಾ?

ನಾನು: ಆ ಪೆಗ್‌ಫಿಲ್‌ಗ್ರಾಸ್ಟಿಮ್ ಡಬ್ಬಿನಾ, ಬಿಳಿ ರಕ್ತಕಣ ಹೆಚ್ಚಿಸೋ ಮದ್ದಿನದು? ಅದನ್ನು ಅಂಟಿಸೋದು ಆಸ್ಪತ್ರೆಯವರು, ಅದೂ ಒಂದು ಕೀಮೋಗೆ ಒಂದೇ ಸಲ. ಆದರೂ ಸುಮ್ನೆ ಕಳಿಸಲ್ಲ. ಮದ್ದು ಒಳಗೆ ಹೋಗೋಕೆ ಸುಮಾರು 45 ನಿಮಿಷ ಬೇಕು, ಆಗ ಸೋರ್ತಿದೆಯಾ ನೋಡಿ, ಕೆಂಪು ದೀಪ ಮಿನುಗಿದರೆ ಫೋನ್ ಮಾಡಿ, ಡಬ್ಬಿಗೆ ಏನೂ ತಗಲದ ಹಾಗೆ ನೋಡಿಕೊಳ್ಳಿ ಅಂತ ಹೇಳಿಯೇ ಕಳಿಸ್ತಾರೆ. ಅತ್ತೆಯ ಪಂಪ್ ಹಾಗಲ್ಲ, ಎರಡು ಮೂರು ದಿನಕ್ಕೊಮ್ಮೆ ಸೆಟ್ (ಟ್ಯೂಬ್ ಮತ್ತು ಚರ್ಮದೊಳಗೆ ಇರೋ ಸಣ್ಣ ಕೊಳವೆ, ಅಂದರೆ ಕ್ಯಾನುಲಾ) ಬದಲಾಯಿಸಬೇಕು. ಅತ್ತೆಯೇ ಇನ್ಸುಲಿನ್ ತುಂಬಿಸಿ, ಗುಳ್ಳೆ ತಟ್ಟಿ ಹೊರಗೆ ಹಾಕಿ, ಟ್ಯೂಬನ್ನು ಮೈಯಿಂದ ಬಿಡಿಸಿಟ್ಟುಕೊಂಡು ತುದಿಯಲ್ಲಿ ಹನಿ ಬರೋ ತನಕ ತುಂಬಿಸಬೇಕು. ಮೈಗೆ ಸಿಕ್ಕಿಸಿಕೊಂಡೇ ಟ್ಯೂಬ್ ತುಂಬಿಸಿದರೆ ಅಷ್ಟೂ ಇನ್ಸುಲಿನ್ ಒಳಗೆ ಹೋಗಿಬಿಡುತ್ತೆ. ವಿಡಿಯೊದಲ್ಲಿ ಇದಕ್ಕೆ ಕೊಟ್ಟಿರೋದು ಮೂರೇ ಸೆಕೆಂಡು.

ನಾನು: ಇನ್ನು ಅಲಾರ್ಮ್ ವಿಷಯ. ಟ್ಯೂಬ್ ಕಟ್ಟಿಕೊಂಡರೆ ಹೊಡೆಯುತ್ತೆ, ಅದೂ ಒಮ್ಮೊಮ್ಮೆ ಬಹಳ ತಡವಾಗಿ. ಚರ್ಮದ ಹತ್ತಿರ ಸೋರಿದರೆ, ಅಂಟುಪಟ್ಟಿ ಬಿಟ್ಟು ಕ್ಯಾನುಲಾ ಹೊರಗೆ ಬಂದರೆ ಪಂಪಿಗೆ ಗೊತ್ತೇ ಆಗಲ್ಲ. ಮದ್ದು ಹೋಯಿತು ಅಂತಲೇ ಲೆಕ್ಕ ಬರೆದುಕೊಳ್ಳುತ್ತೆ. ಅತ್ತೆಯದು ಟೈಪ್ 1 ಸಕ್ಕರೆ ಕಾಯಿಲೆ, ಅಂದರೆ ಮೈ ತಾನಾಗಿ ಇನ್ಸುಲಿನ್ ಮಾಡಲ್ಲ. ಪಂಪಿನಲ್ಲಿ ಇರೋದು ಬೇಗ ಕೆಲಸ ಮಾಡಿ ಬೇಗ ಮುಗಿಯೋ ಇನ್ಸುಲಿನ್ ಮಾತ್ರ. ಈಗ ರಾತ್ರಿ ತಗೊಳ್ಳೋ ದೀರ್ಘ ಕಾಲದ್ದು ಇರಲ್ಲ. ಪೂರೈಕೆ ನಿಂತರೆ ಕೆಲವೇ ಗಂಟೆಗಳಲ್ಲಿ ಸಕ್ಕರೆ ಏರಿ ರಕ್ತದಲ್ಲಿ ಕೀಟೋನ್ ಅನ್ನೋ ಆಮ್ಲ ಸೇರೋಕೆ ಶುರುವಾಗುತ್ತೆ, ಅದು ಜೀವಕ್ಕೇ ಅಪಾಯ.

ವಾಸ್ಕೊ ಚಿಕ್ಕಮ್ಮ: ಇವಳು ಹೇಳೋದು ಸರಿ. ನಮ್ಮ ಮಾವನವರಿಗೆ ಕ್ಯಾನ್ಸರ್ ನೋವಿಗೆ ಅಂತ ಫೆಂಟನಿಲ್ ಅನ್ನೋ ಬಲವಾದ ಮದ್ದಿನ ಪ್ಯಾಚ್ ಕೊಟ್ಟಿದ್ದರು. 72 ಗಂಟೆಗೊಂದು ಅಂಟಿಸಿ ಅಂದರು, ಅಷ್ಟೇ. ಬೆನ್ನು ನೋವು ಅಂತ ನೋಡಿಕೊಳ್ಳೋ ಹುಡುಗಿ ಪ್ಯಾಚ್ ಪಕ್ಕದಲ್ಲೇ ಬಿಸಿನೀರಿನ ಚೀಲ ಇಟ್ಟಳು. ಮಧ್ಯಾಹ್ನ ಕರೆದರೆ ಓಗೊಡ್ತಾ ಇಲ್ಲ, ಉಸಿರು ನಿಂತು ನಿಂತು ಬರ್ತಿತ್ತು. ಆಸ್ಪತ್ರೆಗೆ ಓಡಿ ಉಳಿಸಿಕೊಂಡೆವು. ಶಾಖ ತಗಲಿದರೆ ಮದ್ದು ಜಾಸ್ತಿ ಒಳಗೆ ಹೋಗುತ್ತೆ ಅಂತ ಆಮೇಲೆ ಹೇಳಿದರು. ಆಮೇಲೆ! ಆ ಹುಡುಗಿಯದು ಏನು ತಪ್ಪು ಹೇಳಿ.

ನಾನು: ಚಿಕ್ಕಮ್ಮ, ಶಾಖದ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಎಚ್ಚರಿಕೆ ಕೊಟ್ಟಿತ್ತು. ಕಾಗದದಲ್ಲಿ ಬರೆದೂ ಇರುತ್ತೆ. ಪ್ಯಾಚ್ ಅಂಟಿಸೋ ಕೈಗೆ ಅದು ತಲುಪಿಲ್ಲ, ನನಗೆ ಸಿಟ್ಟು ಬರೋದು ಅದಕ್ಕೇ. ಕಿಟ್ ಕೊಟ್ಟು ಸಹಿ ಹಾಕಿಸಿಕೊಂಡು "ತರಬೇತಿ ಆಯಿತು" ಅಂತ ಬರೆದುಬಿಡ್ತಾರೆ.

ಮಾಟುಂಗಾ ದೊಡ್ಡಪ್ಪ: ಅದು ನೋವಿನ ಔಷಧ, ಬೇರೆ ಮಾತು. ಅಮ್ಮನ ವಿಷಯಕ್ಕೆ ಉತ್ತರ ಕೊಡಲಿಲ್ಲ ನೀನು.

ನಾನು: ದೊಡ್ಡಪ್ಪ, ಅಜ್ಜಿಗೆ ಕಲಿಸಿದ್ದು ಯಾರು? ಕಾಂಪೌಂಡರ್ ದಿನಾ ಮನೆಗೆ ಬರ್ತಿದ್ದರು, ಅಜ್ಜಿಯ ಕೈಗೇ ಸಿರಿಂಜ್ ಕೊಟ್ಟು ಪಕ್ಕದಲ್ಲಿ ನಿಂತು ನೋಡ್ತಿದ್ದರು ಅಂತ ನೀವೇ ಹೇಳಿದ್ದಿರಿ. ನಾನು ಕೇಳ್ತಿರೋದೂ ಅದನ್ನೇ. ನಾನು ಮಾಡಿ ತೋರಿಸ್ತೀನಿ, ಆಮೇಲೆ ಸುಮ್ಮನೆ ಕೂತು ನೋಡ್ತೀನಿ. "ಗೊತ್ತಾಯ್ತಾ" ಅಂದರೆ ಎಲ್ಲರೂ ಹೂಂ ಅಂತಾರೆ, ಅದಕ್ಕೆ ಬೆಲೆ ಇಲ್ಲ. "ಮಾಡಿ ತೋರಿಸಿ" ಅಂದಾಗಲೇ ಎಲ್ಲಿ ಕೈ ನಿಲ್ಲುತ್ತೆ ಅಂತ ಕಾಣೋದು. ಮೊದಲ ಕೆಲವು ದಿನ ಪಂಪಿಗೆ ಸಲೈನ್ ತುಂಬಿಸಿಯೇ ಅಭ್ಯಾಸ ಮಾಡಿಸಬಹುದು. ತಪ್ಪಿದರೂ ಅಪಾಯ ಇಲ್ಲ.

ಪುಣೆ ಭಾವ: ಸರಿ ಮಾರಾಯ್ತಿ. ಆದರೆ ಒಂದು ದಿನ ಕಲಿತದ್ದು ಹದಿನೈದು ದಿನಕ್ಕೆ ಮರೆತು ಹೋಗುತ್ತೆ ಅಲ್ವಾ? ವಿಡಿಯೊ ಆದರೆ ಮತ್ತೆ ನೋಡಬಹುದು. ಬೇಕಾದರೆ ನಾನು ವಿಡಿಯೊ ಕಾಲ್‌ನಲ್ಲಿ ಪ್ರತಿ ಸಲ ಜೊತೆಗೆ ಇರ್ತೀನಿ.

ನಾನು: ಮರೆತುಹೋಗುತ್ತೆ ಅನ್ನೋದು ನಿಜ, ಒಪ್ಪಿದೆ. ಅದಕ್ಕೇ ಎರಡು ವಾರ ಬಿಟ್ಟು ಮತ್ತೆ ಕರೆಸಿ ಮಾಡಿಸೋದು. ವಿಡಿಯೊ ಫೋನಿನಲ್ಲಿ ಇರಲಿ, ನೆನಪಿಗೆ ಬೇಕು. ನೀವು ಕಾಲ್‌ನಲ್ಲಿ ಇರೋದೂ ಒಳ್ಳೆಯದೇ. ಆದರೆ ರಾತ್ರಿ ಎರಡು ಗಂಟೆಗೆ ಸಕ್ಕರೆ 300 ಬಂದಾಗ ಅತ್ತೆ ಯಾರ ಮುಖ ನೋಡಬೇಕು? 250 ದಾಟಿ ಪಂಪಿನ ಡೋಸಿಗೂ ಇಳಿಯದಿದ್ದರೆ ಪಂಪನ್ನು ನಂಬಬಾರದು. ಕೀಟೋನ್ ನೋಡಬೇಕು, ಡಾಕ್ಟರು ಬರೆದುಕೊಟ್ಟ ಲೆಕ್ಕದಲ್ಲಿ ಸಿರಿಂಜ್ ಅಥವಾ ಪೆನ್ನಿನಿಂದ ಚುಚ್ಚಿಕೊಳ್ಳಬೇಕು, ಸೆಟ್ ಹೊಸದು ಹಾಕಬೇಕು. ಮಾಮೂಲಿ ದಿನ ಸೆಟ್ಟನ್ನು ಮಲಗೋ ಹೊತ್ತಿಗೆ ಬದಲಾಯಿಸಬಾರದು, ಯಾವಾಗ ಬದಲಾಯಿಸಿದರೂ ಒಂದೆರಡು ಗಂಟೆ ಬಿಟ್ಟು ಸಕ್ಕರೆ ನೋಡಲೇಬೇಕು.

ಡೊಂಬಿವಲಿ ಅತ್ತೆ: ಅಡುಗೆ ಮುಗಿಸಿ ಈಗ ನೋಡಿದೆ ಎಲ್ಲ. ವಿಡಿಯೊದಲ್ಲಿ ಆ ಹುಡುಗಿ ಪ್ಯಾಂಟಿಗೆ ಸಿಕ್ಕಿಸಿಕೊಂಡಳು. ನಾನು ಸೀರೆ ಉಡೋಳು. ಎಲ್ಲಿ ಸಿಕ್ಕಿಸಿಕೊಳ್ಳಲಿ? ಶುಕ್ರವಾರ ಎಣ್ಣೆ ಹಚ್ಚಿ ಸ್ನಾನ ಮಾಡೋದು ಬಿಡಬೇಕಾ? ಇಂಗ್ಲಿಷಿನಲ್ಲಿ ಏನೋ ಬರ್ತದಲ್ಲ, ಅದು ನನಗೆ ಓದೋಕೆ ಬರಲ್ಲ.

ನಾನು: ಅತ್ತೆ, ಎಷ್ಟು ಒಳ್ಳೆ ಪ್ರಶ್ನೆ ಕೇಳಿದಿರಿ! ಲಂಗದ ಲಾಡಿ ಬಿಗಿಯೋ ಜಾಗದಲ್ಲಿ, ನೆರಿಗೆ ಸಿಕ್ಕಿಸೋ ಜಾಗದಲ್ಲಿ ಕ್ಯಾನುಲಾ ಬೇಡ, ಉಜ್ಜಿ ಕಿತ್ತುಬರುತ್ತೆ. ಹೊಕ್ಕುಳಿಂದ ಎರಡು ಇಂಚು ದೂರ, ಪ್ರತಿ ಸಲ ಬೇರೆ ಜಾಗ. ಒಂದೇ ಕಡೆ ಹಾಕ್ತಾ ಇದ್ದರೆ ಅಲ್ಲಿ ಗಡ್ಡೆ ಕಟ್ಟಿ ಇನ್ಸುಲಿನ್ ಸರಿಯಾಗಿ ಹತ್ತಲ್ಲ. ಎಣ್ಣೆ ಸ್ನಾನ ಬಿಡಬೇಡಿ. ಸೆಟ್ ಬದಲಾಯಿಸೋ ದಿನ ಹಳೆಯದು ತೆಗೆದು, ಸ್ನಾನ ಮಾಡಿ, ಸೋಪಿನಿಂದ ಎಣ್ಣೆ ಪೂರಾ ಹೋಗಿಸಿ, ಚರ್ಮ ಒಣಗಿದ ಮೇಲೆ ತಡಮಾಡದೆ ಹೊಸದು ಹಾಕಿ. ನಮ್ಮ ಮುಂಬೈ ಬೆವರಿಗೆ ಪಟ್ಟಿ ಬೇಗ ಬಿಟ್ಟುಕೊಳ್ಳುತ್ತೆ, ಮೇಲೆ ಇನ್ನೊಂದು ಪಟ್ಟಿ ಅಂಟಿಸೋದು ತೋರಿಸ್ತೀನಿ. ಅಲಾರ್ಮ್ ಬಂದರೆ ಏನು ಮಾಡಬೇಕು ಅಂತ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲೇ ಬರೆದುಕೊಡ್ತೀನಿ, ಫ್ರಿಜ್ ಮೇಲೆ ಅಂಟಿಸಿ.

ಡೊಂಬಿವಲಿ ಅತ್ತೆ: ಹಾಗಾದರೆ ಮಂಗಳವಾರ ಬರ್ತೀನಿ. ಹನ್ನೊಂದು ಗಂಟೆ ಲೋಕಲ್‌ನಲ್ಲಿ ಗರ್ದಿ ಇರಲ್ಲ.

ಪುಣೆ ಭಾವ: ನಾನೂ ರಜೆ ಹಾಕಿ ಬರ್ತೀನಿ. ಇನ್ಸುಲಿನ್ ಮನೆಯಲ್ಲಿ ಇದೆ, ಅದನ್ನೇ ತರಲಾ? ಅಮ್ಮ ಫೋಟೊ ಕಳಿಸಿದ್ದಾಳೆ, ಸೀಸೆ ಮೇಲೆ 40 ಐಯು ಅಂತ ಇದೆ.

ನಾನು: ಬೇಡ! ಪಂಪಿಗೆ 100 ಐಯು ಸೀಸೆಯೇ ಆಗಬೇಕು, ಅಂದರೆ ಒಂದು ಎಂಎಲ್‌ನಲ್ಲಿ 100 ಯೂನಿಟ್ ಇರೋದು. 40ರದ್ದು ತುಂಬಿಸಿದರೆ ಅರ್ಧದಷ್ಟೂ ಹೋಗಲ್ಲ. ಇನ್ನೊಂದು, ಮನೆಯಲ್ಲಿರೋದು ಕೆಂಪು ಮುಚ್ಚಳದ 40ರ ಸಿರಿಂಜ್ ಇರಬೇಕು. ಅದರಲ್ಲಿ 100ರ ಇನ್ಸುಲಿನ್ ಎಳೆದು 10ರ ಗೆರೆಗೆ ನಿಲ್ಲಿಸಿದರೆ ಒಳಗೆ ಹೋಗೋದು 25 ಯೂನಿಟ್. ಡಾಕ್ಟರ ಚೀಟಿ ತೋರಿಸಿ 100ರ ಸೀಸೆ, ಕಿತ್ತಳೆ ಮುಚ್ಚಳದ 100ರ ಸಿರಿಂಜ್ ತಗೊಳ್ಳಿ. ಪಂಪ್ ಶುರುವಾದ ಮೇಲೆ ಹಳೆಯ ಸಿರಿಂಜ್ ಒಂದೂ ಮನೆಯಲ್ಲಿ ಇರಬಾರದು, ಮಂಗಳವಾರ ಎಲ್ಲ ತನ್ನಿ, ನಾನು ಬೇರೆ ಮಾಡಿಕೊಡ್ತೀನಿ.