ಉಚಿತ ಪಶುಚಿಕಿತ್ಸಾ ಶಿಬಿರಗಳಿಗೆ ನೆರವಾಗುವುದು ಹೇಗೆ? ಪಶುವೈದ್ಯೆಯನ್ನು ಕೇಳಿ

ಪಶುವೈದ್ಯೆ: ಬಡವರ ಸಾಕುಪ್ರಾಣಿಗಳಿಗೆ, ದಿಕ್ಕಿಲ್ಲದ ಪ್ರಾಣಿಗಳಿಗೆ ನಡೆಸುವ ಉಚಿತ ಶಿಬಿರಗಳಿಗೆ ನೆರವಾಗುವುದು ಹೇಗೆ ಎಂದು ಹಲವರು ಕೇಳಿದ್ದೀರಿ. ಅಂತಹ ಶಿಬಿರಗಳಲ್ಲಿ ಕೆಲಸ ಮಾಡುವವಳು ನಾನು. ಪ್ರಶ್ನೆಗಳನ್ನು ಇಲ್ಲಿಯೇ ಹಾಕಿ.

ಹೊಂಗೆನೆರಳು: ನಮಸ್ಕಾರ ಮೇಡಂ. ಮನೆಯಲ್ಲಿ ಉಳಿದ ಮಾತ್ರೆ, ಮುಲಾಮುಗಳನ್ನು ಕಳುಹಿಸಬಹುದೇ?

ಪಶುವೈದ್ಯೆ: ಬೇಡ. ಅವಧಿ ಮುಗಿದದ್ದನ್ನು ಆರಿಸಿ ವಿಲೇವಾರಿ ಮಾಡುವುದೇ ನಮಗೊಂದು ಕೆಲಸವಾಗುತ್ತದೆ. ಮನುಷ್ಯರು ನುಂಗುವ ಒಂದು ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ಹಣವನ್ನೇ ಕೊಡಿ. ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯುವ ಪೆಟ್ಟಿಗೆ, ಅರಿವಳಿಕೆ ಔಷಧಿ, ಹೊಲಿಗೆ ದಾರ ಇವಕ್ಕೆ ದಾನಿಗಳು ಸಿಗುವುದೇ ಅಪರೂಪ.

ದಾರಿಹೋಕ: ಇಟ್ಟಿಗೆ ಹೊರುವ ಕತ್ತೆಗಳ ಬೆನ್ನಿನ ಹುಣ್ಣಿಗೆ ಶಿಬಿರದಲ್ಲಿ ಔಷಧಿ ಹಚ್ಚಿದರು. ತಿಂಗಳೊಳಗೆ ಮತ್ತೆ ಹುಣ್ಣಾಗಿದೆ. ಇದಕ್ಕೆ ದಾನ ಕೊಟ್ಟು ಏನು ಫಲ?

ಪಶುವೈದ್ಯೆ: ಭಾರ ನೇರವಾಗಿ ಬೆನ್ನುಮೂಳೆಯ ಮೇಲೆ ಕೂರುತ್ತಿದ್ದರೆ ಯಾವ ಮುಲಾಮಿನಿಂದಲೂ ಹುಣ್ಣು ಮಾಯುವುದಿಲ್ಲ. ಮೂಳೆಯ ಎರಡೂ ಪಕ್ಕಕ್ಕೆ ದಪ್ಪ ಮೆತ್ತೆಯಿದ್ದು, ನಡುವೆ ಸಂದು ಬಿಟ್ಟು ಹೊಲಿದ ಜೀನು ಬೇಕು. ಕೆಲವರು ಹುಣ್ಣಿನ ಜಾಗಕ್ಕೆ ಸರಿಯಾಗಿ ಮೆತ್ತೆಯಲ್ಲಿ ತೂತು ಕತ್ತರಿಸುತ್ತಾರೆ. ಆ ತೂತಿನ ಅಂಚು ಒತ್ತಿ ಗಾಯ ಇನ್ನೂ ಹಿಗ್ಗುತ್ತದೆ. ಶಿಬಿರದವರು ಮತ್ತೆ ಬಂದು ನೋಡುತ್ತಾರೆಯೇ, ಜೀನು ಹೊಲಿಯಲು ಕಲಿಸುತ್ತಾರೆಯೇ ಎಂದು ಕೇಳಿ. ಹೌದೆಂದರೆ ಧಾರಾಳವಾಗಿ ಕೊಡಿ.

ನೇರನುಡಿ: ಹುಣ್ಣಾದ ಬೆನ್ನಿನ ಮೇಲೆ ಭಾರ ಹೇರುವವನಿಗೆ ಉಚಿತ ಚಿಕಿತ್ಸೆ ಬೇರೆಯೇ? ಕತ್ತೆಯನ್ನು ಕಿತ್ತುಕೊಳ್ಳಬೇಕು.

ಕೂಲಿಕಾರ: ಕಿತ್ತುಕೊಂಡು ನೀವು ಸಾಕುತ್ತೀರಾ? ಕತ್ತೆಯ ದುಡಿಮೆಯಿಂದಲೇ ನನ್ನ ತಂದೆ ನಮ್ಮನ್ನು ಓದಿಸಿದರು. ಅದು ಮಲಗಿದರೆ ಮನೆಯಲ್ಲಿ ಒಲೆ ಹೊತ್ತುತ್ತಿರಲಿಲ್ಲ.

ಬೆಕ್ಕಿನಮ್ಮ: ಸಂತಾನಹರಣ ಶಿಬಿರಕ್ಕೆ ಬೆಕ್ಕಿನ ಮರಿಯನ್ನು ಎಷ್ಟನೇ ತಿಂಗಳಿಗೆ ಒಯ್ಯಬೇಕು ಮೇಡಂ?

ನೇರನುಡಿ: ಬಡತನವಿದೆ ಎಂದು ಹಿಂಸೆ ಮಾಡಬಹುದೇ?

ಕೂಲಿಕಾರ: ಹಿಂಸೆ ಎನ್ನುವ ಮೊದಲು ಒಂದು ದಿನ ಆ ಇಟ್ಟಿಗೆಗೂಡಿಗೆ ಬಂದು ನೋಡಿ. ಬೆನ್ನು ಒಡೆದಿರುವುದು ಕತ್ತೆಯದಷ್ಟೇ ಅಲ್ಲ.

ಲೆಕ್ಕಿಗ: ಮನುಷ್ಯರಿಗೇ ಔಷಧಿಯಿಲ್ಲದಿರುವಾಗ ನಾಯಿ, ಕತ್ತೆಗಳಿಗೆ ದಾನವೇ?

ಮುಂಜಾವು: ನಾವು ಗೆಳೆಯರು ಬೀದಿಮರಿಗಳ ಚಿಕಿತ್ಸೆಗೆ ಹಣ ಕೂಡಿಸುತ್ತಿದ್ದೇವೆ. ಒಂದು ಮರಿಯ ಕೆಳದವಡೆ ನಿನ್ನೆಯಿಂದ ಜೋತುಬಿದ್ದಿದೆ, ಜೊಲ್ಲು ಸುರಿಯುತ್ತಿದೆ, ಬೊಗಳಿದರೆ ಸ್ವರ ಒಡೆದಂತಿದೆ. ಗಂಟಲಿಗೆ ಮೂಳೆ ಸಿಕ್ಕಿರಬೇಕೆಂದು ಬಾಯೊಳಗೆ ಬೆರಳು ಹಾಕಿ ನೋಡಿದೆ. ಹಲ್ಲು ಗೀರಿ ಸ್ವಲ್ಪ ರಕ್ತ ಬಂತು, ಅಷ್ಟೆ. ಮೂಳೆ ತೆಗೆಸಲು ಎಷ್ಟು ಖರ್ಚಾಗಬಹುದು?

ಪಶುವೈದ್ಯೆ: @ಮುಂಜಾವು, ಖರ್ಚಿನ ಮಾತು ಬಿಡಿ. ಇದು ರೇಬೀಸ್ ಆಗಿರಬಹುದು. ರೇಬೀಸ್ ಬಂದ ನಾಯಿಗಳೆಲ್ಲ ಎರಗಿ ಕಚ್ಚುವುದಿಲ್ಲ. ಕೆಲವಕ್ಕೆ ದವಡೆ, ಗಂಟಲಿನ ಸ್ನಾಯುಗಳು ಸೋತುಹೋಗುತ್ತವೆ. ನುಂಗಲಾಗದೆ ಜೊಲ್ಲು ಸುರಿಯುತ್ತದೆ, ಸ್ವರ ಬದಲಾಗುತ್ತದೆ. ನೋಡಿದವರಿಗೆ ಮೂಳೆ ಸಿಕ್ಕಿಕೊಂಡಂತೆಯೇ ಕಾಣುತ್ತದೆ. ಕನಿಕರವಿದ್ದವರೇ ಬಾಯಿಗೆ ಕೈ ಹಾಕುತ್ತಾರೆ, ನನ್ನ ಭಯವೂ ಅದೇ.

ಈಗಲೇ ಎದ್ದು ಆ ಗೀರನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ನಿನ್ನೆಯ ಗಾಯವಾದರೂ ತೊಳೆಯಿರಿ. ನಂತರ ನೇರವಾಗಿ ಆಸ್ಪತ್ರೆಗೆ ಹೋಗಿ, ನಾಳೆಗೆ ಉಳಿಸಬೇಡಿ. ರಕ್ತ ಬಂದಿದೆ ಎಂದು ಅಲ್ಲಿ ಸ್ಪಷ್ಟವಾಗಿ ಹೇಳಿ. ಲಸಿಕೆಯ ಜೊತೆಗೆ ಗಾಯದ ಸುತ್ತ ಇಮ್ಯುನೊಗ್ಲೋಬುಲಿನ್, ಅಂದರೆ ವೈರಸ್ಸನ್ನು ಕೂಡಲೇ ತಡೆಯುವ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು ಕೂಡ ಕೊಡಬೇಕಾಗುತ್ತದೆ. ನಾಯಿಯನ್ನು ಹತ್ತು ದಿನ ನೋಡೋಣ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಲಕ್ಷಣ ಕಾಣಿಸುವ ಮೊದಲೇ ಸರಿಯಾದ ಚಿಕಿತ್ಸೆ ಪಡೆದರೆ ಈ ರೋಗವನ್ನು ತಡೆಯಬಹುದು. ಕಾಣಿಸಿದ ಮೇಲೆ ಬದುಕುವವರು ಇಲ್ಲವೆನ್ನುವಷ್ಟು ಕಡಿಮೆ. ಮರಿಯನ್ನು ಇನ್ನು ಯಾರೂ ಮುಟ್ಟಬಾರದು. ಬೇರೆ ಯಾರು ಯಾರು ಮುಟ್ಟಿದ್ದಾರೆ, ಮಕ್ಕಳಿದ್ದಾರೆಯೇ, ತಿಳಿಸಿ.

ಶುಭೋದಯ: ಬಂದ ಸಂದೇಶ: ನಾಯಿ ಕಚ್ಚಿದ ಗಾಯಕ್ಕೆ ಮೆಣಸಿನಪುಡಿ, ಸುಣ್ಣ ಕಲಸಿ ಹಚ್ಚಿದರೆ ನಂಜು ಇಳಿಯುತ್ತದೆ. ಎಲ್ಲರಿಗೂ ಕಳುಹಿಸಿ 🙏

ಪಶುವೈದ್ಯೆ: ದಯವಿಟ್ಟು ಅಳಿಸಿ. ಅದರಿಂದ ಗಾಯ ಕೆರಳುತ್ತದೆ, ವೈರಸ್ ಸಾಯುವುದಿಲ್ಲ.

ಶುಭೋದಯ: ಹಿರಿಯರು ಹೇಳಿದ್ದೆಲ್ಲ ಸುಳ್ಳೇ ಮೇಡಂ? ಒಳ್ಳೆಯದಕ್ಕೇ ಹಾಕಿದ್ದು.

ಪಶುವೈದ್ಯೆ: ಇಲ್ಲಿ ಒಬ್ಬರ ಜೀವದ ಪ್ರಶ್ನೆಯಿದೆ, ನಿಮ್ಮೊಡನೆ ವಾದಕ್ಕೆ ನನಗೆ ಸಮಯವಿಲ್ಲ. ಅಳಿಸಿ.

ಹಸಿರುಬೇಲಿ: ಉಳಿದ ಔಷಧಿಗಳನ್ನು ಯಾವ ವಿಳಾಸಕ್ಕೆ ಕಳುಹಿಸಬೇಕು?

ಪಶುವೈದ್ಯೆ: ಮೇಲೆ ಓದಿ.

ಲೆಕ್ಕಿಗ: ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ.

ಪಶುವೈದ್ಯೆ: ರೇಬೀಸ್‌ನಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ಸಾಯುತ್ತಾರೆಂಬ ಅಂದಾಜಿದೆ. ಅವರಲ್ಲಿ ನೂರಕ್ಕೆ 99 ಮಂದಿಗೆ ಅದು ತಗಲುವುದು ನಾಯಿಯಿಂದ. ಒಂದು ಪ್ರದೇಶದ ನಾಯಿಗಳಲ್ಲಿ ನೂರಕ್ಕೆ 70ಕ್ಕೆ ಲಸಿಕೆ ಹಾಕಿದರೆ ಸೋಂಕಿನ ಸರಪಳಿ ಮುರಿಯುತ್ತದೆ. ನೀವು ನಾಯಿಗೆ ಎಂದು ಕೊಟ್ಟ ಹಣ ಉಳಿಸುವುದು ಮನುಷ್ಯರನ್ನೇ.

ನೇರನುಡಿ: ಹಾಗಾದರೆ ಕತ್ತೆಯ ವಿಷಯ?

ಕೂಲಿಕಾರ: ಸಾಕು ಮಾಡಿ ಸ್ವಾಮಿ.

ಬೆಕ್ಕಿನಮ್ಮ: ಮೇಡಂ, ನನ್ನ ಬೆಕ್ಕಿನ ಪ್ರಶ್ನೆ?

ಮುಂಜಾವು: ಆಸ್ಪತ್ರೆಯಿಂದ ಬರೆಯುತ್ತಿದ್ದೇನೆ. ಲಸಿಕೆ, ಇಮ್ಯುನೊಗ್ಲೋಬುಲಿನ್ ಎರಡೂ ಆಯಿತು. ಪಕ್ಕದ ಮನೆಯ ಇಬ್ಬರು ಮಕ್ಕಳು ಆ ಮರಿಯನ್ನು ಎತ್ತಿ ಆಡಿಸಿದ್ದರಂತೆ. ಮರಿ ಈಗ ಸತ್ತಿದೆ ಎಂದು ಫೋನ್ ಬಂತು. ಹೂಳಿಸಲೇ?

ಪಶುವೈದ್ಯೆ: ಹೂಳಿಸಬೇಡಿ. ಬರಿಗೈಯಲ್ಲಿ ಮುಟ್ಟಬೇಡಿ. ಸರ್ಕಾರಿ ಪಶು ಆಸ್ಪತ್ರೆಗೆ ಈಗಲೇ ತಿಳಿಸಿ, ಮೆದುಳಿನ ಮಾದರಿ ಪರೀಕ್ಷೆಗೆ ಹೋಗಬೇಕು. ಆ ಮಕ್ಕಳನ್ನು ಇಂದೇ ವೈದ್ಯರ ಬಳಿಗೆ ಕರೆದೊಯ್ಯಿರಿ, ಫಲಿತಾಂಶಕ್ಕೆ ಕಾಯಬೇಡಿ. ಅದೇ ಸೂಲಿನ ಉಳಿದ ಮರಿಗಳನ್ನು ಯಾರಿಗೂ ಸಾಕಲು ಕೊಡಬೇಡಿ. ತಾಯಿನಾಯಿ ಎಲ್ಲಿದೆ?