ವಿಎನ್‌ಎಸ್: ಹಗಲೊತ್ತು ದನಿ ಬದಲಾಗೋದು ನಿಂತದ, ಬ್ಯಾಟರಿ ಮುಗೀತಾ?

ಪ್ರಶ್ನೆ, ಕಲಬುರಗಿ:
ತಮ್ಮನ ಎಡ ಎದೆ ಮ್ಯಾಲ, ಚರ್ಮದ ಕೆಳಗ ವಿಎನ್‌ಎಸ್ ಅದ, ಅಂದ್ರ ಫಿಟ್ಸ್ ಕಡಿಮಿ ಮಾಡಲಿಕ್ಕೆ ಕುತ್ತಿಗೆಯ ವೇಗಸ್ ನರಕ್ಕ ತಂತಿಯಿಂದ ಸಣ್ಣ ಕರೆಂಟ್ ಕೊಡೋ ಯಂತ್ರ. 1.5 ಮಿಲಿ ಆಂಪ್, 30 ಸೆಕೆಂಡ್ ಚಾಲೂ, 5 ನಿಮಿಷ ಬಂದ್. ಚಾಲೂ ಆದಾಗೆಲ್ಲ ದನಿ ಗೊಗ್ಗರಾಗ್ತಿತ್ತು. ಎರಡು ವಾರದಿಂದ ಹಗಲೊತ್ತು ಅದಿಲ್ಲ, ರಾತ್ರಿ ಮಾತ್ರ. ಫಿಟ್ಸ್ ಹೆಚ್ಚಾಗ್ಯಾವ. ಬ್ಯಾಟರಿ ಬದಲಿಸಬೇಕೇನ್ರಿ?

ಉತ್ತರ, ಬೀದರ್:
ಬ್ಯಾಟರಿ ಮುಗಿದಿದ್ರ ರಾತ್ರಿನೂ ಸುಮ್ಮನಿರ್ತಿತ್ತು. ಹಗಲು ಅಂಗಿಯ ಎಡ ಕಿಸೆದಾಗ ಏನಿಡ್ತಾರ?

ಪ್ರಶ್ನೆ ಕೇಳಿದವರು:
ಮೊಬೈಲ್. ಪುಸ್ತಕದಂಗ ಮುಚ್ಚೋ ಕವರ್.

ಉತ್ತರ, ಬೀದರ್:
ಆ ಕವರ್ ಟಪ್ಪಂತ ಮುಚ್ಚೋದು ಮ್ಯಾಗ್ನೆಟ್‌ನಿಂದ. ಮ್ಯಾಗ್ನೆಟ್ ಜನರೇಟರ್ (ಎದೆಯೊಳಗಿನ ಬ್ಯಾಟರಿ ಡಬ್ಬಿ) ಮ್ಯಾಲ ಇರೋತನಕ ಸ್ಟಿಮ್ಯುಲೇಶನ್, ಅಂದ್ರ ನರಕ್ಕ ಹೋಗೋ ಕರೆಂಟ್, ಬಂದ್. ಕನಿಷ್ಠ 20 ಸೆಂಟಿಮೀಟರ್ ದೂರ ಇರಲಿ, ಸ್ಪೀಕರ್ ಆದರೂ ಅಷ್ಟೇ.

ಕವರ್ ತೆಗೆದಿಟ್ಟು 12 ನಿಮಿಷ ಗಟ್ಟಿಯಾಗಿ ಅಂಕಿ ಎಣಿಸಲಿಕ್ಕೆ ಹಚ್ರಿ. ಒಂದು ಸುತ್ತು ಐದೂವರೆ ನಿಮಿಷದ್ದು, ಎರಡು ಸಲವಾದರೂ ದನಿ ಒಡೀಬೇಕು. ಒಡೀಲಿಲ್ಲ ಅಂದ ಮಾತ್ರಕ್ಕೆ ಯಂತ್ರ ಕೆಟ್ಟದ ಅನ್ನಂಗಿಲ್ಲ, ಎಷ್ಟೋ ಮಂದಿಗೆ ದಿನ ಕಳೆದಂಗ ಅದು ರೂಢಿಯಾಗಿ ದನಿ ಬದಲಾಗೋದೇ ನಿಲ್ತದ.

ಫಿಟ್ಸ್ ಬಂದಾಗ ಬಳಸಲಿಕ್ಕೆ ಯಂತ್ರದ ಜೊತಿ ಕೊಟ್ಟಿರೋ ಮ್ಯಾಗ್ನೆಟ್ ಹೆಂಗ ಹಿಡೀತೀರಿ ಅದನ್ನೂ ನೋಡ್ರಿ. ಗಾಬರಿಗೆ ಒತ್ತಿ ಹಿಡಿದುಬಿಡ್ತಾರ, ಹಿಡಿದಷ್ಟು ಹೊತ್ತು ಅದು ಬಂದ್! ಒಂದು ಸೆಕೆಂಡ್ ಸವರಿ ದೂರ ತೆಗೀರಿ, ತೆಗೆದ ಮ್ಯಾಲೇ ಹೆಚ್ಚಿನ ಸ್ಟಿಮ್ಯುಲೇಶನ್ ಶುರು. ಫಿಟ್ಸ್ 5 ನಿಮಿಷ ದಾಟಿದ್ರ ಮ್ಯಾಗ್ನೆಟ್ ನೆಚ್ಚಿ ಕೂಡಬ್ಯಾಡ್ರಿ, 108ಕ್ಕೆ ಫೋನ್ ಹಚ್ರಿ.

ಉತ್ತರ, ಯಾದಗಿರಿ:
ಕವರ್ ತೆಗೆದರೂ ಫಿಟ್ಸ್ ಇಳೀಲಿಲ್ಲ ಅಂದ್ರ ಇಂಪೀಡೆನ್ಸ್ (ತಂತಿ ದಾರಿಯಾಗ ಕರೆಂಟಿಗೆ ಎಷ್ಟು ತಡೆ ಅದ ಅನ್ನೋದು) ನೋಡಿಸಬೇಕು. ಈಚಿನ ಮಾಡೆಲ್‌ಗಳಲ್ಲಿ 5300 ಓಮ್ ಮುಟ್ಟಿದ್ರ ಕುತ್ತಿಗೆಯ ತಂತಿ ಮುರಿದಿರಬಹುದು, ಇಲ್ಲಾ ಜನರೇಟರ್‌ನಾಗ ತಂತಿಯ ತುದಿಯ ಪಿನ್ ಪೂರ್ತಿ ಕೂತಿರಲ್ಲ. ಎಕ್ಸ್‌ರೇ ತೆಗೀತಾರ. ಎಕ್ಸ್‌ರೇದಾಗ ಎಲ್ಲಾ ಮುರಿತ ಕಾಣಂಗಿಲ್ಲ, ಅದಕ್ಕೇ ಓಮ್ ಲೆಕ್ಕ ಮೊದಲು. ಬ್ಯಾಟರಿನೇ ಮುಗಿದಿದ್ರ ತಂತಿ ಹಂಗೇ ಬಿಟ್ಟು ಜನರೇಟರ್ ಅಷ್ಟೇ ಬದಲಿಸ್ತಾರ.

ಭುಜನೋವಿಗೆ ಶಾರ್ಟ್‌ವೇವ್ ಶಾಖ (ಫಿಸಿಯೋಥೆರಪಿಯಾಗ ರೇಡಿಯೋ ಅಲೆಯಿಂದ ಕೊಡೋ ಶಾಖ) ಕೊಡಿಸಿದ್ದೀರೇನು? ಮೊಣಕಾಲಿಗೂ ಬ್ಯಾಡ. ತಂತಿ ಕಾದು ನರ ಸುಡಬಹುದು.

ಪ್ರಶ್ನೆ ಕೇಳಿದವರು:
ಶಾಖ ಕೊಡಿಸಿಲ್ಲ. ಕವರ್ ತೆಗೆದು ಎಣಿಸಿದ್ವಿ, ಎರಡು ಸಲ ಗೊಗ್ಗರಾಯ್ತು. ಗುಳಿಗೆ ಹಿಂದಿನಂಗೇ ನಡದಾವ.

ಉತ್ತರ, ಯಾದಗಿರಿ:
ಆದರೂ ಒಮ್ಮೆ ತೋರಿಸ್ರಿ. ಹೈದರಾಬಾದಿಗೆ ಬಸ್ ಹತ್ತೋ ಮುಂಚೆ ಅಲ್ಲಿನ ಆಸ್ಪತ್ರೆಗೆ ಫೋನ್ ಮಾಡಿ, ನಿಮ್ಮ ಮಾಡೆಲ್‌ಗೆ ಹೊಂದೋ ಪ್ರೋಗ್ರಾಮರ್ (ಹೊರಗಿನಿಂದಲೇ ವಿಎನ್‌ಎಸ್ ಪರೀಕ್ಷಿಸೋ ಸಾಧನ) ಅವತ್ತು ಇರ್ತದೇನು ಕೇಳ್ರಿ. ಮಾಡೆಲ್ ನಂಬರ್, ಯಂತ್ರ ಕೂಡಿಸಿದಾಗ ಕೊಟ್ಟ ಇಂಪ್ಲಾಂಟ್ ಕಾರ್ಡ್ ಮ್ಯಾಲದ.