ಸಹಾಯ ಬೇಕು: ಟ್ಯಾಟಿಂಗ್ ಲೇಸಿನಾಗ ಮುಚ್ಚಿದ ರಿಂಗ್ ಬಿಚ್ಚೂದು ಹ್ಯಾಂಗ್ರಿ?

ಎಲ್ಲಾರಿಗೂ ಶರಣ್ರಿ, ನಾ ಕಲಬುರಗಿಯಾಕಿ. ಟ್ಯಾಟಿಂಗ್ ಲೇಸ್, ಅಂದ್ರ ಶಟಲ್ ಅನ್ನೋ ಸಣ್ಣ ಲಾಳಿಗಿ ದಾರ ಸುತ್ತಿ ಗಂಟು ಹಾಕ್ಕೋತ ಮಾಡೋ ಲೇಸ್, ಮಾಡೋರು ಯಾರರ ಇದ್ರ ಜರಾ ದಾರಿ ತೋರಸ್ರಿ.

ನಮ್ಮ ನಾದಿನಿ ಮಗಳ ಕುಬಸ ಅದ, ಆಕಿ ಬ್ಲೌಸಿನ ತೋಳಿಗಿ 40 ನಂಬರ್ ಬಿಳಿ ದಾರದಾಗ ಅಂಚು ಮಾಡ್ಲಾಕತ್ತೀನಿ, ಒಂದೊಂದು ರಿಂಗಿಗಿ (ಗಂಟು ಹಾಕಿ ದಾರ ಜಗ್ಗಿ ಮುಚ್ಚಿದ ಉಂಗುರಕ್ಕ) 20 ಗಂಟು, ನಡುವ 3 ಪಿಕೋ (ಗಂಟಿನ ನಡುವ ಬಿಡೋ ಸಣ್ಣ ದಾರದ ಕುಣಿಕಿ), ಬಾಜೂದ ರಿಂಗಿನ ಪಿಕೋಕ್ಕ ಜೋಡಿಸ್ಕೋತ ಹೋಗೂದು. ನಿನ್ನಿ ರಾತ್ರಿ ಕರೆಂಟ್ ಹೋದಾಗ ಮೊಬೈಲ್ ಲೈಟಿನಾಗ ಕುಂತು ಮಾಡಿದ್ದೇ ತಪ್ಪಾಯ್ತು, ಮುಂಜಾನಿ ನೋಡಿದ್ರ ಕೊನಿಯಿಂದ ಎರಡ್ನೇ ರಿಂಗ್ ಜೋಡಣಿನೇ ಆಗಿಲ್ಲ, ಹಲ್ಲು ಬಿದ್ದ ಬಾಯಿಯಂಗ ಸಂದು ಬಿಟ್ಟದ. ಕೊನೀ ರಿಂಗ್ ಹ್ಯಾಂಗೋ ಬಿಚ್ಚಿದೆ, ಪಿಕೋದ ಎರಡೂ ಬಾಜೂ ಗಂಟು ಹಿಡದು ಜಗ್ಗಿದ್ರ ಒಳಗಿನ ದಾರ ಕಾಣಸ್ತದಲ್ಲ ಅದಕ್ಕ ಸೂಜಿ ಹಾಕಿ ಎಳದೆ, ಆದ್ರ ದಾರ ಎಳಿ ಎಳಿ ಬಿಟ್ಕೊಂಡು ಹತ್ತಿ ಬತ್ತಿಯಂಗ ಆಗ್ಯಾದ. ಇನ್ನೊಂದೂ ಹಂಗೇ ಎಳದ್ರ ಹರದೇ ಹೋಗ್ತದ ಅಂತ ಅಂಜಿಕಿ.

ಇದರ ಮ್ಯಾಲ ಶಟಲ್ ಕೈಜಾರಿ ಶಹಾಬಾದ್ ಫರ್ಶಿ ಮ್ಯಾಲ ಬಿತ್ತು! ದಾರ ಹಿಡಿಯೋ ತುದಿ ಅಗಲಾಗಿ ಮೊದಲಿನಂಗ ಟಿಕ್ ಅನ್ನಲ್ದು, ಕೈ ಬಿಟ್ರ ದಾರ ತಾನೇ ಬಿಚ್ಕೋತದ. ಪ್ಲಾಸ್ಟಿಕ್ ಅದ, ಬಿಸಿನೀರಾಗ ಅದ್ದಿ ಒತ್ತಿದ್ರ ಕೂಡ್ತದೇನ್ರಿ? ಇಲ್ಲಿ ಅಂಗಡ್ಯಾಗ ಕೇಳಿದ್ರ ಕ್ರೋಶಾ ಕಡ್ಡಿ ತೋರಸ್ತಾರ, ಒಬ್ಬಾತ ಅಂತೂ ಶಟಲ್ ಬೇಕಂದ್ರ ಬ್ಯಾಡ್ಮಿಂಟನ್ ಅಂಗಡಿಗಿ ಹೋಗವ್ವ ಅಂದ.

ಕತ್ತರಿಸಿ ಮತ್ತ ಸುರು ಮಾಡು ಅಂತ ಮಾತ್ರ ಅನಬ್ಯಾಡ್ರಿ, ಗೇಣುದ್ದ ಆಗ್ಯಾದ. ಐತಾರದೊಳಗ ಮುಗಸಬೇಕ್ರಿ.